ಬಯೋಸಿಮಿಲರ್ ಅಂದರೆ ಡೂಪ್ಲಿಕೇಟ್ ಅಲ್ಲ

ಕಾರವಾರ, ಕುಮಟಾ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ಸ್ತನ ಕ್ಯಾನ್ಸರಿಗೆ ಕೊಡುವ ಟ್ರಾಸ್ಟುಜುಮಾಬ್ ಇಂಜೆಕ್ಷನ್ ಕಡಿಮೆ ರೇಟಿಗೆ ಸಿಕ್ಕರೆ ಅದು ಡೂಪ್ಲಿಕೇಟ್, ವಿದೇಶದ್ದೇ ಕೇಳಿ ತಗೊಳ್ಳಿ ಅಂತ. ಇದು ತಪ್ಪು. ಕಡಿಮೆ ರೇಟಿಗೆ ಸಿಗುವುದು ಬಯೋಸಿಮಿಲರ್ ಇರಬಹುದು, ಅಂದರೆ ಮೂಲ ಔಷಧಿಯನ್ನೇ ಹೋಲುವಂತೆ ಬೇರೆ ಕಂಪನಿ ತಯಾರಿಸಿದ ಔಷಧಿ.

ಟ್ರಾಸ್ಟುಜುಮಾಬ್ ಜೀವಂತ ಕೋಶಗಳಲ್ಲಿ ತಯಾರಾಗುವ ಔಷಧಿ. ಮಾತ್ರೆಯ ಹಾಗೆ ಪಡಿಯಚ್ಚು ಮಾಡಲು ಆಗುವುದಿಲ್ಲ, ಮೂಲ ಕಂಪನಿಯ ಬ್ಯಾಚುಗಳಲ್ಲೇ ಚೂರು ವ್ಯತ್ಯಾಸ ಇರುತ್ತದೆ. ಅದಕ್ಕೇ ಬಯೋಸಿಮಿಲರನ್ನು ಮೂಲ ಔಷಧಿಯ ಜೊತೆ ಹೋಲಿಸಿ ಪರೀಕ್ಷಿಸಿ, ಗುಣದಲ್ಲೂ ಸುರಕ್ಷತೆಯಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ ಅಂತ ತೋರಿಸಿದ ಮೇಲೆಯೇ ಒಪ್ಪಿಗೆ ಸಿಗುವುದು. ವಿದೇಶದ್ದೇ ಬೇಕು ಅನ್ನುವವರು ಇದನ್ನೂ ನೋಡಿ: ಬೆಂಗಳೂರಿನ ಬಯೋಕಾನ್ ಕಂಪನಿ, ಮೈಲಾನ್ ಎಂಬ ವಿದೇಶಿ ಕಂಪನಿಯ ಜೊತೆ ಸೇರಿ ಮಾಡಿದ ಟ್ರಾಸ್ಟುಜುಮಾಬ್‌ಗೆ 2017ರಲ್ಲಿ ಅಮೆರಿಕವೇ ಒಪ್ಪಿಗೆ ಕೊಟ್ಟಿದೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಟ್ರಾಸ್ಟುಜುಮಾಬ್‌ನ ಬಯೋಸಿಮಿಲರ್ ಒಂದಕ್ಕೆ ಮೊದಲ ಬಾರಿ ಮಾನ್ಯತೆ ಕೊಟ್ಟಾಗ, ಇವು ಸಾಮಾನ್ಯವಾಗಿ ಮೂಲ ಔಷಧಿಗಿಂತ ಶೇ. 65ರಷ್ಟು ಅಗ್ಗ ಎಂದಿತ್ತು. ಚಿಕಿತ್ಸೆಗೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಓಡಾಡುವ ನಮ್ಮ ಕಡೆಯವರಿಗೆ ಅದು ಸಣ್ಣ ಉಳಿತಾಯವೇನಲ್ಲ, ಅಲ್ವಾ?

ನಕಲಿ ಮಾಲಿನ ಭಯ ಬೇರೆ ವಿಷಯ. ಅದಕ್ಕೆ ಬಿಲ್ಲು, ಬ್ಯಾಚ್ ನಂಬರ್ ನೋಡಿ. 2ರಿಂದ 8 ಡಿಗ್ರಿ ತಂಪಿನಲ್ಲೇ ಇಟ್ಟಿದ್ದರಾ ಅಂತ ಕೇಳಿ (ಮಳೆಗಾಲದಲ್ಲಿ ನಮ್ಮ ಕರೆಂಟಿನ ಕಥೆ ಗೊತ್ತೇ ಇದೆ). ಸುಮ್ನೆ ಮೆಸೇಜ್ ನಂಬಿ ಬ್ರಾಂಡ್ ಬದಲಿಸಬೇಡಿ, ಡಾಕ್ಟರನ್ನು ಕೇಳಿ.