ಬಂದಿತ್ತು, ಹೋಯ್ತು

ಮಳೆಗೆ ಕಾಲೇಜಿಗೆ ರಜೆ ಕೊಡಲಿ, ಬೇಡ ಅನ್ನೋಲ್ಲ. ಆದರೆ "ಪಾಠ ಹಿಂದೆ ಬೀಳಬಾರದು, ಆನ್‌ಲೈನ್ ತಗೊಳ್ಳಿ" ಅಂತ ರಜೆಯ ಬಾಲಕ್ಕೊಂದು ಸುತ್ತೋಲೆ ಕಟ್ಟುತ್ತಾರಲ್ಲ, ಅವರು ಮಲೆನಾಡಿನ ಜುಲೈ ನೋಡಿದವರೇ ಅಲ್ಲ. ಮಳೆಗೆ ಮರ ಬೀಳುತ್ತದೆ, ಮರ ಬಿದ್ದರೆ ಕರೆಂಟು ಹೋಗುತ್ತದೆ, ಆಮೇಲೆ ಟವರಿನ ಬ್ಯಾಟರಿ ಇರುವಷ್ಟು ಹೊತ್ತು ನೆಟ್‌ವರ್ಕು. 2020ರ ಲಾಕ್‌ಡೌನಿನಲ್ಲಿ ಅಂಟಿದ ಚಾಳಿ, ಕೊರೊನಾ ಹೋದರೂ ಇದು ಹೋಗಿಲ್ಲ.

ಇತಿಹಾಸದ ಮೇಷ್ಟ್ರು ಪುಣ್ಯವಂತರು. ಪಾಣಿಪತ್ ಯುದ್ಧದ ಮಧ್ಯೆ ದನಿ ಕಟ್ಟಾದರೂ ಗೆದ್ದವರು ಯಾರು ಅಂತ ವಾಟ್ಸಾಪಿನಲ್ಲಿ ಹಾಕಬಹುದು. ನನ್ನದು ಬಿಎಸ್ಸಿ ಕೆಮಿಸ್ಟ್ರಿ ಪ್ರಾಕ್ಟಿಕಲ್ಲು.

ನಿನ್ನೆ ಟೈಟ್ರೇಷನ್, ಅಂದರೆ ಇಷ್ಟು ಆಸಿಡ್ಡಿಗೆ ಎಷ್ಟು ಕ್ಷಾರ ಸರಿಹೋಗುತ್ತದೆ ಅಂತ ಹನಿ ಲೆಕ್ಕದಲ್ಲಿ ಅಳೆಯುವುದು. ರಜೆ ಮಕ್ಕಳಿಗೆ ಮಾತ್ರ ತಾನೇ, ಹಾಗಾಗಿ ಲ್ಯಾಬಿನಲ್ಲಿ ನಾನು ಮತ್ತು ಅಟೆಂಡರ್. ಬ್ಯುರೆಟ್ಟು ಅನ್ನುವ ಅಳತೆಗೆರೆಯ ಗಾಜಿನ ಕೊಳವೆಯಲ್ಲಿ ಸೋಡಿಯಂ ಹೈಡ್ರಾಕ್ಸೈಡು ಎಂಬ ಕ್ಷಾರ, ಕೆಳಗೆ ಫ್ಲಾಸ್ಕಿನಲ್ಲಿ 10 ಎಂಎಲ್ ಆಕ್ಸಾಲಿಕ್ ಆಸಿಡ್ಡು, ಕ್ಷಾರ ಹೆಚ್ಚಾದೊಡನೆ ಗುಲಾಬಿಯಾಗುವ ಫಿನಾಫ್ತಲೀನು ಎರಡು ಹನಿ. "ಹನಿ ಹನಿಯಾಗಿ ಬಿಡ್ತೀನಿ, ಯಾರೂ ಕಣ್ಣು ಮಿಟುಕಿಸಬೇಡಿ" ಎಂದೆ. ಒಂದು ಹನಿ ಅಂದರೆ ಸುಮಾರು 0.05 ಎಂಎಲ್, ಆಸಿಡ್ಡು ತೀರಿ ಬಣ್ಣ ತಿರುಗುವ ಎಂಡ್ ಪಾಯಿಂಟು ಬರುವುದು ಅಷ್ಟರಲ್ಲೇ. ಬಂತು ನೋಡಿ, ಇದೆಯೋ ಇಲ್ಲವೋ ಅನ್ನುವಂಥ ತೆಳು ಗುಲಾಬಿ! ತಲೆಯೆತ್ತಿದರೆ ಮೊಬೈಲಿನಲ್ಲಿ ಚಕ್ರ ತಿರುಗುತ್ತಿದೆ.

ನಾನು ಕಾದೆ. ಗುಲಾಬಿ ಕಾಯಲಿಲ್ಲ. ಗಾಳಿಯ ಕಾರ್ಬನ್ ಡೈಆಕ್ಸೈಡು ಫ್ಲಾಸ್ಕಿಗಿಳಿದು, ನೆಟ್‌ವರ್ಕು ಬರುವಷ್ಟರಲ್ಲಿ ಬಣ್ಣ ಮಾಯ.

"ಸಾರ್, ಕಲರ್ ಬರ್ಲೇ ಇಲ್ವಲ್ಲ?"

"ಬಂದಿತ್ತು ಕಣಪ್ಪ, ಹೋಯ್ತು."

"ಇನ್ನೊಂದು ಹನಿ ಬಿಡಿ ಸಾರ್."

ಬಿಟ್ಟೆ. ಬಣ್ಣ ಬಂತು, ನೆಟ್‌ವರ್ಕು ಹೋಯಿತು. ನೆಟ್‌ವರ್ಕು ಬಂತು, ಬಣ್ಣ ಹೋಗಿತ್ತು. ಮಾತು ಬಿಟ್ಟ ದಾಯಾದಿಗಳ ಥರ, ಒಬ್ಬ ಪಂಕ್ತಿಗೆ ಕೂತರೆ ಇನ್ನೊಬ್ಬ ಎದ್ದು ಹೋಗುತ್ತಾನೆ. ಕಡೆಗೆ ಅಟೆಂಡರಿಗೆ ತಡೆಯಲಿಲ್ಲ. "ಹಿಂಗಾದ್ರೆ ಊಟದ ಹೊತ್ತು ಮೀರ್ತದೆ ಸಾರ್" ಎಂದವನೇ ಬ್ಯುರೆಟ್ಟಿನ ತಿರುಪು, ಸ್ಟಾಪ್‌ಕಾಕ್, ತಿರುಗಿಸಿಯೇಬಿಟ್ಟ. ಫ್ಲಾಸ್ಕಿನ ತುಂಬ ಕಡು ರಾಣಿ ಬಣ್ಣ. ನೆಟ್‌ವರ್ಕು ಸರಿಯಾಗಿ ಆ ಗಳಿಗೆಗೇ ನೆಟ್ಟಗಾಗಬೇಕೇ! "ಸೂಪರ್ ಸಾರ್, ಈಗ ಚೆನ್ನಾಗಿ ಬಂತು!" ಸಾಲುಸಾಲು ಹೃದಯದ ಇಮೋಜಿ. ಕಡು ಬಣ್ಣ ಅಂದರೆ ಕ್ಷಾರ ಮಿತಿಮೀರಿತು ಅಂತ, ಲ್ಯಾಬಿನಲ್ಲಿ ಯಾರಾದರೂ ಆ ಬಣ್ಣ ತಂದರೆ ಬೈದು ಮತ್ತೆ ಮಾಡಿಸುತ್ತೇನೆ.

ಹೊಸನಗರದ ಕಡೆಯ ಹುಡುಗಿಯೊಬ್ಬಳು ಮಾತ್ರ "ಒಂದ್ನಿಮಿಷ ಸಾರ್, ಇಂಬಳ ಹತ್ತಿದೆ" ಅಂದಳು. ಇಂಬಳ ಅಂದರೆ ಮಲೆನಾಡಿನ ಜಿಗಣೆ, ಉಪ್ಪು ಹಾಕಿದರೆ ಬಿಡುತ್ತದೆ. ಅವಳ ಊರಿನಲ್ಲಿ ಸಿಗ್ನಲ್ಲು ಸಿಗುವುದು ಗುಡ್ಡದ ಮೇಲಷ್ಟೆ. ಬ್ಯುರೆಟ್ ಹಿಡಿದು ಆ ತೆಳು ಗುಲಾಬಿಯನ್ನು ತಾನೇ ತರಿಸಬೇಕಿದ್ದ ಕೈಯಲ್ಲಿ ಕೊಡೆ, ಮೊಬೈಲು, ಉಪ್ಪಿನ ಪೊಟ್ಟಣ. ಅವಳಿಗೆ ಏನೂ ಹೇಳಲು ತೋಚಲಿಲ್ಲ.

ಸಂಜೆ ಎಲ್ಲರೂ ರೀಡಿಂಗು ಕಳಿಸಿದರು. ಎಲ್ಲರದೂ 9.8 ಎಂಎಲ್. ಕ್ಲಾಸಿಗೇ ಬಾರದವನದೂ 9.8. ನನ್ನ ಬ್ಯುರೆಟ್ಟು ತೋರಿಸಿದ್ದು 13.4. ಹೋದ ವರ್ಷದ ಸೀನಿಯರ್‌ಗಳ ರೆಕಾರ್ಡಿಗೆ ನೆಟ್‌ವರ್ಕು ಬೇಕಿಲ್ಲವಲ್ಲ!