ಡೆಟ್ರಾಯಿಟ್‌ನ 62ನೇ ಚಾನೆಲ್ಲನ್ನೂ ಸೇರಿಸಬೇಕಿತ್ತು

1994ರಲ್ಲಿ ಅಮೆರಿಕದ ಎಷ್ಟೋ ಊರುಗಳ ಟಿವಿ ಸ್ಟೇಷನ್‌ಗಳು ಹಳೇ ನೆಟ್‌ವರ್ಕ್ (ಊರೂರಿನ ಸ್ಟೇಷನ್‌ಗಳಿಗೆ ಕಾರ್ಯಕ್ರಮ ಒದಗಿಸುವ ಕಂಪನಿ) ಬಿಟ್ಟು ಫಾಕ್ಸ್ ನೆಟ್‌ವರ್ಕ್ ಸೇರಿದ್ದನ್ನು ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ಅಮೆರಿಕನ್ ಫುಟ್‌ಬಾಲ್ ಪಂದ್ಯಗಳ ಪ್ರಸಾರ ಹಕ್ಕು ಫಾಕ್ಸ್ ಪಾಲಾದದ್ದೇ ಇದಕ್ಕೆಲ್ಲ ಮೂಲ, ನಿಜ. ಆದರೆ ಡೆಟ್ರಾಯಿಟ್ ಕಥೆ ಬಿಟ್ಟುಹೋಗಿದೆ. ಅಲ್ಲಿ ತನ್ನ ಕಾರ್ಯಕ್ರಮ ತೋರಿಸುತ್ತಿದ್ದ 2ನೇ ಚಾನೆಲ್ ಫಾಕ್ಸ್ ಕಡೆ ಹೋಗಿ ಕೈತಪ್ಪಿದ ಮೇಲೆ ಸಿಬಿಎಸ್ ನೆಟ್‌ವರ್ಕ್, 62ನೇ ಚಾನೆಲ್ ಡಬ್ಲ್ಯುಜಿಪಿಆರ್ ಅನ್ನು ಕೊಂಡುಕೊಂಡಿತು. ಅದು ಸುಮ್ನೆ ಯಾವುದೋ ಸಣ್ಣ ಸ್ಟೇಷನ್ ಅಲ್ಲ. 1975ರಲ್ಲಿ ಶುರುವಾದ ಅದು, ಅಮೆರಿಕದ ಮುಖ್ಯ ಭೂಭಾಗದಲ್ಲಿ ಕಪ್ಪು ಜನರೇ ಮಾಲೀಕರಾಗಿದ್ದ ಮೊದಲ ಟಿವಿ ಸ್ಟೇಷನ್. ಊರಿನವರದೇ ಸುದ್ದಿ, ಊರಿನವರದೇ ಡಾನ್ಸ್ ಕಾರ್ಯಕ್ರಮ ಅಲ್ಲಿ ಬರುತ್ತಿತ್ತು. ನನಗೆ ಜಾಸ್ತಿ ಬೇಸರ ತರಿಸೋದು ಆಮೇಲೆ ಆದದ್ದು. ಅಷ್ಟು ದೊಡ್ಡ ನೆಟ್‌ವರ್ಕ್, ತನ್ನದೇ ಸ್ಟೇಷನ್. ಆದರೂ ಅಲ್ಲಿ ಪೂರ್ಣ ಪ್ರಮಾಣದ ಸುದ್ದಿ ವಿಭಾಗ ಬಂದದ್ದು 2023ರಲ್ಲಿ! ಇದನ್ನೂ ದಯವಿಟ್ಟು ಬರೆಯಿರಿ.