ಕಲ್ಲಿಗೆ ಯಾವ ಸೊಪ್ಪು?

ಕಳೆದ ಬೇಸಿಗೆಯ ಒಂದು ರಾತ್ರಿ ಎರಡು ಗಂಟೆಗೆ ಬೆನ್ನಿನ ಎಡಗಡೆ ಹಿಡಿದ ನೋವು ನಿಧಾನಕ್ಕೆ ತೊಡೆಸಂದಿಗೆ ಇಳಿಯಿತು. ಕೂತರೂ ಆಗಲ್ಲ, ಮಲಗಿದರೂ ಆಗಲ್ಲ. ಬೆಳಿಗ್ಗೆ ತಲಪಾಡಿ ಗಡಿ ದಾಟಿ ಮಂಗಳೂರಿಗೆ ಹೋದೆವು. ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದಲೂ ಇಲ್ಲಿನ ಕನ್ನಡಿಗರಿಗೆ ರೇಷನ್ ಕೇರಳದ್ದು, ಆಸ್ಪತ್ರೆ ಮಂಗಳೂರಿನದ್ದು. ಸ್ಕ್ಯಾನ್‌ನಲ್ಲಿ ಮೂತ್ರನಾಳದಲ್ಲಿ 5 ಮಿ.ಮೀ. ಕಲ್ಲು ಕಂಡಿತು. ಇಷ್ಟು ಚಿಕ್ಕದು ಹೆಚ್ಚಿನವರಿಗೆ ತಾನಾಗಿಯೇ ಬೀಳುತ್ತೆ, ಚೆನ್ನಾಗಿ ನೀರು ಕುಡೀರಿ, ಆದ್ರೆ ಚಳಿಜ್ವರ ಬಂದ್ರೆ ಒಂದು ಗಂಟೆನೂ ಕಾಯಬೇಡಿ ಅಂದರು ಡಾಕ್ಟರು. ನೋವಿಗೆ ಮಾತ್ರೆ ಕೊಟ್ಟು ಕಳಿಸಿದರು.

ಮನೆಗೆ ಬಂದ ಮೇಲೆ ಶುರುವಾಯ್ತು ನೋಡಿ.

ಪಕ್ಕದ ಮನೆಯ ಚೇಚಿ ಬಾವಿಕಟ್ಟೆ ಹತ್ತಿರ ಬೆಳೆದಿದ್ದ ಒಂದು ಗಿಡವನ್ನು ಬೇರುಸಮೇತ ಕಿತ್ತು ತಂದರು. ಮೊಣಕಾಲೆತ್ತರದ ಕಳೆ, ಪುಟ್ಟ ಪುಟ್ಟ ಬಿಳಿ ಹೂ. ಹೆಸರು ಕಲ್ಲುರುಕ್ಕಿ. ಮಲಯಾಳದಲ್ಲಿ ಉರುಕ್ಕುವುದು ಅಂದ್ರೆ ಕರಗಿಸುವುದು. ಅರೆದು ಎಳನೀರಿಗೆ ಹಾಕಿ ಕುಡಿಯಬೇಕಂತೆ. ಅಷ್ಟರಲ್ಲಿ ತಿಪಟೂರಿನಿಂದ ಭಾವನ ಫೋನ್. ಅಕ್ಕನನ್ನು ಅಲ್ಲಿಗೆ ಕೊಟ್ಟಿದ್ದೇವೆ. "ಅದೆಲ್ಲ ಬಿಡಯ್ಯ, ಖಾಲಿ ಹೊಟ್ಟೇಲಿ ಬಾಳೆದಿಂಡಿನ ರಸ ಕುಡಿ. ಕಾಡುಬಸಳೆ ಎಲೆ ಎರಡು ಅಗಿ. ಕಲ್ಲು ಒಡೆಯೋ ಪಾಷಾಣಭೇದ ಅಂದ್ರೆ ಅದೇ ಕಣಯ್ಯ" ಅಂದರು.

ನನಗೆ ಸೋಜಿಗ ಆಗಿದ್ದು ಇಲ್ಲಿ. ಆಮೇಲೆ ನಾನು ತೋರಿಸಿದ ನಮ್ಮೂರ ಆಯುರ್ವೇದ ವೈದ್ಯರೂ ಚೀಟಿಯಲ್ಲಿ ಬರೆದದ್ದು ಪಾಷಾಣಭೇದವನ್ನೇ. ಆದರೆ ಅಂಗಡಿಯವನು ಕೊಟ್ಟದ್ದು ಎಲೆಯಲ್ಲ, ಒಣಗಿದ ಬೇರಿನ ತುಂಡು. ಅದು ಕಲ್ಲೂರ್‌ವಂಜಿ, ಹೊಳೆಯ ಬಂಡೆಗಳ ನಡುವೆ ಬೆಳೆಯುವ ಪೊದೆ. ಕೇರಳದಲ್ಲಿ ಪಾಷಾಣಭೇದ ಅಂದ್ರೆ ಅದು. ಉತ್ತರ ಭಾರತಕ್ಕೆ ಹೋದರೆ ಅದೇ ಹೆಸರಿಗೆ ಹಿಮಾಲಯದ ಇನ್ನೊಂದು ಗಿಡದ ಬೇರು ಕೊಡುತ್ತಾರೆ. ಭಾವನ ಕಾಡುಬಸಳೆಗೆ ಇಲ್ಲಿನವರು ಇಲಮುಳಚ್ಚಿ ಅಂತಾರೆ, ಎಲೆ ಬಿದ್ದಲ್ಲೇ ಮೊಳೆಯುತ್ತಲ್ವಾ, ಅದಕ್ಕೆ. ಒಂದೇ ಹೆಸರು, ಬೇರೆ ಬೇರೆ ಕುಟುಂಬದ ಮೂರು ಗಿಡ. ಹೀಗಿರುವಾಗ ಫೋನಿನಲ್ಲಿ ಬರುವ "ಪಾಷಾಣಭೇದ ಕುಡಿ, ಗ್ಯಾರಂಟಿ" ಎಂಬ ಮೆಸೇಜನ್ನು ಯಾವ ಗಿಡಕ್ಕೆ ಹಚ್ಚೋದು?

ಗಡಿಯ ಈಚೆ ಇರುವ ಒಂದು ಪದ್ಧತಿ ನನಗೆ ಇಷ್ಟ. ಇಲ್ಲಿ ಒಣಮದ್ದಿನ ಅಂಗಡಿಗೆ ಹೋದರೆ ವೈದ್ಯರ ಚೀಟಿ ಇಟ್ಟುಕೊಂಡೇ ಹೋಗುವವರು ಜಾಸ್ತಿ. ನೆಗ್ಗಿಲು ಇಷ್ಟು ಗ್ರಾಂ, ಚೆರೂಳ ಎಂಬ ಮೂಲಿಕೆ ಇಷ್ಟು ಗ್ರಾಂ ಅಂತ ತಕ್ಕಡಿಯಲ್ಲಿ ತೂಗಿ, ಬೇರೆ ಬೇರೆ ಪೊಟ್ಟಣ ಕಟ್ಟಿ ಕೊಡುತ್ತಾರೆ. ನನ್ನ ವೈದ್ಯರು ನಾಡಿ ನೋಡುವ ಮೊದಲು ಸ್ಕ್ಯಾನ್ ರಿಪೋರ್ಟ್ ಕೇಳಿದರು. ಭಾವನ ಕಡೆ ಔಷಧಿ ಅಂದ್ರೆ ಹಿತ್ತಲು ಮತ್ತು ಮಿಕ್ಸಿ. ಎಷ್ಟು ಎಂದು ಕೇಳಿದರೆ "ಒಂದು ಲೋಟ" ಅಂತಾರೆ. ಯಾವ ಲೋಟ?

ಹಾಗಂತ ಕೇರಳದವರು ಬಲು ಜಾಣರು ಅಂತ ಹೇಳ್ತಿಲ್ಲ. ನಮ್ಮ ಅಂಗಳದಲ್ಲಿ ಬಿಂಬುಳಿ ಮರ ಇದೆ. ಕಾಯಿ ಕಾಂಡಕ್ಕೇ ಅಂಟಿಕೊಂಡು ಗೊಂಚಲು ಗೊಂಚಲಾಗಿ ಬಿಡುತ್ತೆ. ಮೀನಿನ ಸಾರಿಗೆ ನಾಲ್ಕು ಕಾಯಿ ಹಾಕಿದರೆ ಏನೂ ಆಗಲ್ಲ. ಆದರೆ ಕೊಲೆಸ್ಟರಾಲ್ ಇಳಿಯುತ್ತೆ ಅಂತ ಯಾರೋ ಹೇಳಿದ್ದಕ್ಕೆ ಅದರ ಗಟ್ಟಿ ರಸ ಕುಡಿದು ಕಿಡ್ನಿ ಕೆಡಿಸಿಕೊಂಡ ಹತ್ತು ಜನರ ಬಗ್ಗೆ ಕೇರಳದ ಡಾಕ್ಟರುಗಳೇ 2013ರಲ್ಲಿ ವರದಿ ಬರೆದಿದ್ದಾರೆ. ಆ ಕಾಯಿಯ ತುಂಬ ಆಕ್ಸಲೇಟ್. ಕಿಡ್ನಿಯಲ್ಲಿ ಆಗುವ ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟಿನವೇ. "ಸೊಪ್ಪುಕಾಯಿ ಅಲ್ವಾ, ಏನಾಗುತ್ತೆ?" ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರೋದು ಇದಕ್ಕೇ. ಎಳನೀರು, ಬಾಳೆದಿಂಡಿನ ವಿಷಯದಲ್ಲೂ ಹಾಗೆಯೇ. ನಮ್ಮಂಥವರಿಗೆ ಒಳ್ಳೆಯದು. ಮೊದಲೇ ಕಿಡ್ನಿ ಸೋತವರಿಗೆ ಅದರ ಪೊಟ್ಯಾಸಿಯಂ ಅಪಾಯ.

ಇನ್ನೊಂದು ಮಾತು. ನೋವು ನಿಂತರೆ ಕಲ್ಲು ಹೋಯ್ತು ಅಂತ ಅಲ್ಲ. ಭಾವನ ಊರಿನ ಒಬ್ಬರು ಮೂರು ತಿಂಗಳು ರಸ ಕುಡಿದರು. ನೋವೂ ನಿಂತಿತು, ಮದ್ದು ತಾಗಿತು ಅಂತ ಊರಿಗೆಲ್ಲ ಹೇಳಿದರು. ಬೇರೆ ಯಾವುದಕ್ಕೋ ಸ್ಕ್ಯಾನ್ ಮಾಡಿಸಿದಾಗ ಕಲ್ಲು ನಾಳದಲ್ಲಿ ಅಡ್ಡ ಕೂತಿದೆ, ಮೇಲೆ ಕಿಡ್ನಿ ಊದಿಕೊಂಡಿದೆ.

ನನ್ನ ಕಲ್ಲು ಹನ್ನೊಂದನೇ ದಿನ ಬಿತ್ತು. ಕಾಳುಮೆಣಸಿನಷ್ಟು ದೊಡ್ಡದು, ಮೈಯೆಲ್ಲ ಮುಳ್ಳು. ಚೇಚಿ ಅದು ಕಲ್ಲುರುಕ್ಕಿಯಿಂದ ಅಂದರು. ಭಾವ ಬಾಳೆದಿಂಡು ಅಂದರು. ದಿನಾ ಹುರುಳಿ ಸಾರು ಮಾಡಿ ಹಾಕಿದ ನನ್ನ ಹೆಂಡತಿ ಏನೂ ಹೇಳಲಿಲ್ಲ, ಸುಮ್ನೆ ನನ್ನ ಮುಖ ನೋಡಿದಳು. ಲ್ಯಾಬಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಅಂತ ಬಂತು. ಆ ಜಾತಿಯ ಕಲ್ಲನ್ನು ಕರಗಿಸುವ ಮಾತ್ರೆ ಡಾಕ್ಟರ ಹತ್ತಿರವೂ ಇಲ್ಲ. ಯೂರಿಕ್ ಆಸಿಡ್ಡಿನ ಕಲ್ಲಾದರೆ ಮೂತ್ರದ ಹುಳಿ ತಗ್ಗಿಸಿ ಕರಗಿಸಬಹುದಂತೆ. ಹಾಗಾಗಿ ಉರುಕ್ಕಿದ್ದು ಯಾರೂ ಅಲ್ಲ ಅಂತ ನನ್ನ ಲೆಕ್ಕ. ಕಷಾಯ, ಎಳನೀರು, ಸಾರು, ರಸ ಎಲ್ಲ ಸೇರಿ ನಾನು ಆ ಹನ್ನೊಂದು ದಿನ ಕುಡಿದಷ್ಟು ನೀರನ್ನು ಜನ್ಮದಲ್ಲಿ ಕುಡಿದಿರಲಿಲ್ಲ. ದಿನಕ್ಕೆ ಎರಡೂವರೆ ಲೀಟರ್ ಮೂತ್ರ ಹೋಗುವಷ್ಟು ಕುಡೀಬೇಕು. ಬೇಸಿಗೆಯಲ್ಲಿ ಅಡಿಕೆ ತೋಟದಲ್ಲಿ ಬೆವರು ಸುರಿಸುವವರಿಗೆ ಇನ್ನೂ ಜಾಸ್ತಿ ಬೇಕು.

ಇದರಲ್ಲಿ ಮಾತ್ರ ಕೇರಳದವರಿಗೆ ಪೂರ್ತಿ ಮಾರ್ಕು. ಇಲ್ಲಿ ಹೋಟೆಲಿಗೆ ಹೋದರೆ ಕೇಳದೆಯೇ ಬಿಸಿನೀರು ತಂದಿಡುತ್ತಾರೆ. ಪದಿಮುಗಂ ಎಂಬ ಮರದ ಚಕ್ಕೆ ಹಾಕಿ ಕುದಿಸಿದ ತಿಳಿಗೆಂಪು ನೀರು. ಮನೆಗಳಲ್ಲೂ ಬೆಳಿಗ್ಗೆಯೇ ದೊಡ್ಡ ಪಾತ್ರೆಯಲ್ಲಿ ಜೀರಿಗೆಯೋ ಕರಿಂಗಾಲಿ ಮರದ ಚಕ್ಕೆಯೋ ಹಾಕಿ ಕುದಿಸಿಟ್ಟು ದಿನವಿಡೀ ಕುಡಿಯುತ್ತಾರೆ. ಮದ್ದು ಅಂತ ಯಾರೂ ಕುಡಿಯಲ್ಲ, ಬಾಯಾರಿಕೆಗೆ ಕುಡಿಯುತ್ತಾರೆ.

ಈ ಸಲ ತಿಪಟೂರಿಗೆ ಹೋದಾಗ ಒಂದು ಪ್ಯಾಕೆಟ್ ಪದಿಮುಗಂ ಒಯ್ದೆ. ಅಕ್ಕ ಕುದಿಸಿ ತಂದಿಟ್ಟಳು. ಭಾವ ಅರ್ಧ ಲೋಟ ಕುಡಿದು ಬಣ್ಣ ನೋಡಿದರು.

"ಇದರಿಂದ ಕಲ್ಲು ಕರಗುತ್ತಾ?"

"ಇಲ್ಲ ಭಾವ, ಬಾಯಾರಿಕೆ ಹೋಗುತ್ತೆ."

ಲೋಟ ಪಕ್ಕಕ್ಕಿಟ್ಟರು.